ಪರದೆ ಕಪ್ಪಾದಾಗ ಓದಲು ಕಾಗದವೇ ಬೇಕು

ಮಾನ್ಯ ಸಂಪಾದಕರೇ,

ಹಳೆಯ ಕಂಪ್ಯೂಟರುಗಳನ್ನು ಗುಜರಿಗೆ ಹಾಕಬೇಡಿ, ವಿಂಡೋಸ್ ಬದಲು ಯಂತ್ರವನ್ನು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿಕೊಳ್ಳಿ, ಅದು ಪುಕ್ಕಟೆ ಎಂದು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಮಾತು ಸರಿಯಾಗಿಯೇ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆಯ ಪ್ರೊಸೆಸರ್ ಬೇಕು, ಟಿಪಿಎಂ ಎಂಬ ಭದ್ರತೆಯ ಚಿಪ್ ಬೇಕು. ಹಾಗಾಗಿ ಚೆನ್ನಾಗಿ ನಡೆಯುತ್ತಿದ್ದ ಎಷ್ಟೋ ಯಂತ್ರಗಳು ರಾತ್ರಿ ಬೆಳಗಾಗುವುದರೊಳಗೆ ಮುದುಕರಾದವು. ಆದರೆ ಆ ಓದುಗರು ಒಂದು ವಿಷಯ ಬಿಟ್ಟುಬಿಟ್ಟಿದ್ದಾರೆ. ಲಿನಕ್ಸ್ ಹಾಕಿಕೊಂಡವರಲ್ಲಿ ಹಲವರು ಮೊದಲ ವಾರವೇ ಒಂದು ಕಪ್ಪು ಪರದೆಯ ಮುಂದೆ ಕೈಕಟ್ಟಿ ಕೂರುತ್ತಾರೆ. ಅಂಥವರು ನನ್ನ ಮನೆಗೆ ಬರುತ್ತಾರೆ. ಬರೆಯಲು ಕುಳಿತದ್ದು ಅದಕ್ಕಾಗಿ.

ನಾನು ದೂರವಾಣಿ ಇಲಾಖೆಯಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ಸಾಗರದಲ್ಲಿ ವಾಸ. ಲಿನಕ್ಸ್ ಕಲಿತದ್ದು ಐವತ್ತರ ಮೇಲೆ, ಅದೂ ಮಗ ಬಿಟ್ಟುಹೋದ ಲ್ಯಾಪ್‌ಟಾಪ್ ಒಂದರ ಮೇಲೆ. ಪಂಡಿತನಲ್ಲ. ಹತ್ತಾರು ಯಂತ್ರಗಳನ್ನು ಕೆಡಿಸಿ, ಅದಕ್ಕಿಂತ ಒಂದೆರಡು ಹೆಚ್ಚು ಸರಿಮಾಡಿದ್ದೇನೆ, ಅಷ್ಟೇ ನನ್ನ ಅರ್ಹತೆ.

ನಮ್ಮ ಕಾಲದಲ್ಲಿ "ಫೋನ್ ಡೆಡ್" ಎಂದು ದೂರು ಬಂದರೆ ನಾವು ಯಾರೂ ಹೊಸ ಫೋನ್ ಹಿಡಿದುಕೊಂಡು ಓಡುತ್ತಿರಲಿಲ್ಲ. ಮೊದಲು ಎಕ್ಸ್‌ಚೇಂಜಿನಲ್ಲಿ ಲೈನುಗಳೆಲ್ಲ ಬಂದು ಸೇರುವ ಎಂಡಿಎಫ್ ಎಂಬ ಚೌಕಟ್ಟಿನಲ್ಲಿ ಪರೀಕ್ಷೆ. ಅಲ್ಲಿ ಸರಿಯಿದ್ದರೆ ರಸ್ತೆ ಬದಿಯ ಪಿಲ್ಲರ್ ಎಂಬ ಪೆಟ್ಟಿಗೆ. ಅಲ್ಲೂ ಸರಿಯಿದ್ದರೆ ಮನೆಗಳಿಗೆ ಲೈನು ಹಂಚುವ, ಕಂಬದ ಮೇಲಿನ ಡಿಪಿ ಡಬ್ಬ. ಕೊನೆಗೆ ಗ್ರಾಹಕರ ಮನೆ. ಲೈನು ಎಲ್ಲಿಯವರೆಗೆ ಜೀವಂತವಾಗಿದೆ, ಎಲ್ಲಿಂದ ಸತ್ತಿದೆ ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಮಳೆಗಾಲದಲ್ಲಿ ಆಗುಂಬೆಯ ಕಡೆ ಕಂಬ ಹತ್ತಿದವರಿಗೆ ಇದರ ಬೆಲೆ ಗೊತ್ತು.

ಕಂಪ್ಯೂಟರಿನ ಪರದೆ ಕಪ್ಪಾದಾಗಲೂ ಕೇಳಬೇಕಾದದ್ದು ಅದೇ ಪ್ರಶ್ನೆ: ಸತ್ತಿರುವುದು ಯಂತ್ರವೋ, ಚಿತ್ರ ಮಾತ್ರವೋ? ಕೀಲಿಮಣೆಯಲ್ಲಿ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ಅದರ ಪುಟ್ಟ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಎಲ್ಲವೂ ನಡೆಯುತ್ತಿದೆ, ನಿಮಗೆ ತೋರಿಸುವ ದಾರಿಯಷ್ಟೇ ಕಡಿದಿದೆ. ಆಗ ಕಂಟ್ರೋಲ್, ಆಲ್ಟ್, ಎಫ್3 ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಬಹುತೇಕ ಸಲ ಬಿಳಿ ಅಕ್ಷರಗಳ ಒಂದು ಕಪ್ಪು ಪುಟ ಬಂದು ಹೆಸರು, ಗುಪ್ತಪದ ಕೇಳುತ್ತದೆ. ಗುಪ್ತಪದ ಟೈಪು ಮಾಡುವಾಗ ಚುಕ್ಕಿಯೂ ಮೂಡುವುದಿಲ್ಲ, ನಕ್ಷತ್ರವೂ ಮೂಡುವುದಿಲ್ಲ. ಕೀಲಿಮಣೆಯೂ ಕೆಟ್ಟಿತು ಎಂದು ಇಲ್ಲಿ ಗಾಬರಿಯಾಗಿ ಪ್ಲಗ್ ಕಿತ್ತವರನ್ನು ನಾನು ಬಲ್ಲೆ. ಕೆಟ್ಟಿರುವುದಿಲ್ಲ. ಸುಮ್ಮನೆ ಟೈಪು ಮಾಡಿ ಎಂಟರ್ ಒತ್ತಬೇಕು.

ಈ ಸಲದ ಮಳೆಗಾಲದಲ್ಲಿ ನಮ್ಮ ಬೀದಿಯ ಪಿಯುಸಿ ಹುಡುಗನೊಬ್ಬ ಸಿಪಿಯು ಡಬ್ಬವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸ್ಕೂಟರಿನ ಮುಂದೆ ಇಟ್ಟುಕೊಂಡು ಬಂದ. "ಅಜ್ಜ, ಇದು ಸತ್ತುಹೋಯಿತು" ಎಂದ. ಅವನ ಅಪ್ಪ ಬೆಂಗಳೂರಿನಿಂದ ತಂದ ಹಳೆಯ ಯಂತ್ರ ಅದು. ಒಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡ್, ಎನ್‌ವಿಡಿಯಾ ಕಂಪನಿಯ ಜಿಫೋರ್ಸ್ ಜಿಟಿ 730. ಲಿನಕ್ಸ್‌ನ ಒಂದು ಬಗೆಯಾದ ಮಿಂಟ್ ಹಾಕಿದಾಗ ಎಲ್ಲವೂ ಸರಿಯಾಗಿತ್ತಂತೆ, ಪಾಠದ ವಿಡಿಯೊಗಳು ಓಡುತ್ತಿದ್ದವಂತೆ. ಆದರೆ ಆಟ ಇನ್ನಷ್ಟು ಸರಾಗವಾಗಿ ಓಡಲಿ ಎಂದು ತಯಾರಕರ ಜಾಲತಾಣಕ್ಕೆ ಹೋಗಿ, ಎಲ್ಲಕ್ಕಿಂತ ಹೊಸ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಇಳಿಸಿಕೊಂಡು, ಯಾರೋ ಹೇಳಿಕೊಟ್ಟ ಆಜ್ಞೆ ಕೊಟ್ಟು ಅದನ್ನು ಓಡಿಸಿದ್ದಾನೆ. ವಿಂಡೋಸ್‌ನಲ್ಲಿ ನಾವೆಲ್ಲ ಹಾಗೆಯೇ ಮಾಡುತ್ತಿದ್ದೆವಲ್ಲ, ಅವನದೇನೂ ತಪ್ಪಿಲ್ಲ. ಈ ಕಾರ್ಡಿಗೆ ಈ ಡ್ರೈವರ್ ಅಲ್ಲ, 390 ಸರಣಿಯ ಹಳೆಯದು ಬೇಕು ಎಂದು ಆ ತಂತ್ರಾಂಶ ಮುಂಚೆಯೇ ಎಚ್ಚರಿಸಿತ್ತು. ಇವನು ಓದದೆ ಮುಂದುವರಿಸು ಎಂದು ಒತ್ತಿದ್ದಾನೆ. ಅದು ಮೊದಲು ಇದ್ದ ಡ್ರೈವರನ್ನು ನಿಷೇಧಿಸಿತು, ಹೊಸದನ್ನೇ ಬಳಸು ಎಂದು ಚೀಟಿ ಬರೆದಿಟ್ಟಿತು, ಹೊಸದಕ್ಕೆ ಕಾರ್ಡಿನ ಪರಿಚಯವೇ ಇಲ್ಲ. ಹಳೆಯ ಸೇವಕನನ್ನು ಹೊರಗೆ ಹಾಕಿದ ಮೇಲೆ ಹೊಸಬ ಕೆಲಸಕ್ಕೆ ಬಾರದೆ ಹೋದರೆ ಮನೆಯಲ್ಲಿ ಒಲೆ ಉರಿಯುತ್ತದೆಯೇ?

ಕ್ಯಾಪ್ಸ್ ಲಾಕ್ ದೀಪ ಹತ್ತಿತು. ಹುಡುಗನ ಮುಖದಲ್ಲಿ ಜೀವ ಬಂತು. ಎಫ್3ರ ಪುಟಕ್ಕೆ ಹೋಗಿ, ಆ ಡ್ರೈವರಿನ ಜೊತೆಗೇ ಬರುವ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್ ಎಂಬ ಆಜ್ಞೆ ಕೊಟ್ಟೆವು. ಹಳೆಯ ಡ್ರೈವರಿನ ಮೇಲಿನ ನಿಷೇಧದ ಕಡತ ಇನ್ನೂ ಅಲ್ಲೇ ಉಳಿದಿತ್ತು, ಅದನ್ನು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆವು. ಮಿಂಟ್‌ನ ಹಸಿರು ಎಲೆ ಮೂಡಿತು. ಒಟ್ಟು ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ಹುಡುಗ ಟೈಪು ಮಾಡಿದ್ದು, ನಾನು ಕೀಲಿಮಣೆ ಮುಟ್ಟಲಿಲ್ಲ. ನಾನೇ ಪಟಪಟ ಒತ್ತಿಬಿಟ್ಟಿದ್ದರೆ ಐದೇ ನಿಮಿಷದಲ್ಲಿ ಮುಗಿಯುತ್ತಿತ್ತು, ಮುಂದಿನ ತಿಂಗಳು ಅವನು ಮತ್ತೆ ಸ್ಕೂಟರ್ ಏರಿ ಬರುತ್ತಿದ್ದ.

ಇದರಲ್ಲಿ ಒಂದು ಸ್ವಾರಸ್ಯವಿದೆ. ಜಿಟಿ 730 ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಚಿಪ್‌ಗಳು ಮಾರಾಟವಾಗಿವೆ. ಎಲ್‌ಎಸ್‌ಪಿಸಿಐ ಎಂಬ ಆಜ್ಞೆ ಕೊಟ್ಟರೆ ಯಂತ್ರದೊಳಗಿನ ಕಾರ್ಡುಗಳ ಪಟ್ಟಿ ಬರುತ್ತದೆ. ಅದರಲ್ಲಿ ಜಿಎಫ್108 ಎಂದಿದ್ದರೆ ಫರ್ಮಿ ಎಂಬ ಹಳೆಯ ತಳಿ, 390 ಸರಣಿಯ ಡ್ರೈವರಿಗೆ ಸೇರಿದ್ದು. ಜಿಕೆ208 ಎಂದಿದ್ದರೆ ಕೆಪ್ಲರ್ ತಳಿ, 470 ಸರಣಿಗೆ ಸೇರಿದ್ದು. ಡಬ್ಬಿಯ ಮೇಲಿನ ಹೆಸರು ನೋಡಿ ಸಲಹೆ ಕೊಡುವವನು ಅರ್ಧ ಸಲ ತಪ್ಪುತ್ತಾನೆ, ನಾನೂ ಒಮ್ಮೆ ತಪ್ಪಿದ್ದೇನೆ. ಇವನದು ಜಿಎಫ್108. 390ಕ್ಕೆ ತಯಾರಕರ ಬೆಂಬಲ 2022ರ ಕೊನೆಗೇ ನಿಂತಿದೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಹೊಸ ಆವೃತ್ತಿಗೆ ಅದನ್ನು ಹೊಂದಿಸಲು ಹೊರಡುವುದೆಂದರೆ ಹಳೆಯ ಅಂಬಾಸಿಡರಿಗೆ ಹೊಸ ಕಾರಿನ ಎಂಜಿನ್ ಕೂರಿಸಿದ ಹಾಗೆ. ಬಲ್ಲವರು ಮಾಡುತ್ತಾರೆ, ಆದರೆ ಪರೀಕ್ಷೆ ಹತ್ತಿರವಿರುವ ಹುಡುಗ ಮಾಡಬಾರದು. ಮಿಂಟ್ ತಾನಾಗಿಯೇ ಕೊಟ್ಟಿದ್ದ ನೂವೋ ಡ್ರೈವರಿನಲ್ಲೇ ಇರು ಎಂದೆ. ಆಟ ನಿಧಾನವಾಗುತ್ತದೆ. ಆಗಲಿ ಬಿಡು, ಪಿಯುಸಿ ಮುಗಿಯಲಿ.

ನೂವೋ ಎಂದರೆ ಫ್ರೆಂಚಿನಲ್ಲಿ ಹೊಸದು ಎಂದರ್ಥ. ಅದು ಹುಟ್ಟಿದ ರೀತಿ ನನ್ನಂಥ ಕೇಬಲ್ ಮನುಷ್ಯನಿಗೆ ಬಹಳ ಇಷ್ಟ. ಭೂಗತ ಕೇಬಲ್ಲಿನ ಒಳಗೆ ಬಿಳಿ-ನೀಲಿ, ಬಿಳಿ-ಕಿತ್ತಳೆ, ಬಿಳಿ-ಹಸಿರು ಎಂದು ಜೋಡಿ ತಂತಿಗಳಿಗೆ ಬಣ್ಣದ ಕ್ರಮವಿರುತ್ತದೆ. ಬಣ್ಣ ಗೊತ್ತಿದ್ದರೆ ಎಷ್ಟು ಜೋಡಿಯ ಕೇಬಲ್ಲನ್ನಾದರೂ ಕತ್ತಲಲ್ಲೂ ಟಾರ್ಚ್ ಹಿಡಿದು ಜೋಡಿಸಬಹುದು. ಬಣ್ಣ ಮಾಸಿದ್ದರೆ? ಒಬ್ಬ ಆ ತುದಿಯಲ್ಲಿ ಒಂದೊಂದೇ ತಂತಿಗೆ ಸದ್ದು ಬಿಡಬೇಕು, ಇನ್ನೊಬ್ಬ ಈ ತುದಿಯಲ್ಲಿ ಕಿವಿಗೊಟ್ಟು ಗುರುತಿಸಬೇಕು. ಎನ್‌ವಿಡಿಯಾ ತನ್ನ ಚಿಪ್‌ಗಳ ಒಳವಿವರವನ್ನು ಬಹುಕಾಲ ಬಹಿರಂಗಪಡಿಸಲಿಲ್ಲ. ನೂವೋ ಬರೆದವರು ಹೀಗೆಯೇ ಒಂದೊಂದೇ ತಂತಿ ತಡವಿ ಕಾರ್ಡು ಹೇಗೆ ನಡೆಯುತ್ತದೆ ಎಂದು ಕಂಡುಕೊಂಡರು. 2010ರಲ್ಲಿ ಅದು ಲಿನಕ್ಸ್ ಕರ್ನಲ್‌ನ ಒಳಗೆ ಸೇರಿತು. 2014ರ ಕೊನೆಯಿಂದ ಬಂದ ಕಾರ್ಡುಗಳ ಫರ್ಮ್‌ವೇರ್‌ಗೆ, ಅಂದರೆ ಕಾರ್ಡಿನೊಳಗೇ ಓಡುವ ತಂತ್ರಾಂಶಕ್ಕೆ, ತಯಾರಕರ ಸಹಿಯ ಬೀಗ ಬಿತ್ತು. ಅಲ್ಲಿಗೆ ಅವುಗಳ ಪೂರ್ಣ ವೇಗ ನೂವೋಗೆ ಎಟುಕದೆ ಹೋಯಿತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ವೇದಿಕೆಯಲ್ಲಿ, ಕ್ಯಾಮೆರಾ ಕಡೆ ತಿರುಗಿ ಆ ಕಂಪನಿಗೆ ಮಧ್ಯದ ಬೆರಳು ತೋರಿಸಿದ್ದು ಜಗತ್ತೆಲ್ಲ ನೋಡಿದ ಸಂಗತಿ. ನಮ್ಮ ಕಡೆ ಹಿರಿಯರು ಹಾಗೆಲ್ಲ ಮಾಡುವುದಿಲ್ಲ, ಆದರೆ ಸಿಟ್ಟು ಅರ್ಥವಾಗುತ್ತದೆ. ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ, ಅದೇ ಕಂಪನಿ ತನ್ನ ಡ್ರೈವರಿನ ಕರ್ನಲ್ ಭಾಗದ ಮೂಲವನ್ನು ತೆರೆದಿಟ್ಟಿತು. ಟ್ಯೂರಿಂಗ್ ತಳಿಯ ಕಾರ್ಡುಗಳಿಗೂ ಅದರ ನಂತರದವಕ್ಕೂ ಅದು ಅನ್ವಯ. ಸಾಗರದ ಹುಡುಗನ ಜಿಎಫ್108ಕ್ಕೆ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಇಂಟೆಲ್‌ನ ಒಳಗಣ ಗ್ರಾಫಿಕ್ಸ್ ಅಥವಾ ಈಚಿನ ಎಎಂಡಿ ಕಾರ್ಡ್ ಇರುವವರು ಈ ಪತ್ರವನ್ನು ಇಲ್ಲಿಗೇ ಬಿಟ್ಟು ಪದಬಂಧಕ್ಕೆ ಹೋಗಬಹುದು. ಅವುಗಳ ಡ್ರೈವರ್ ಕರ್ನಲ್‌ನಲ್ಲೇ, ಮೆಸಾ ಎಂಬ ಜೊತೆಗಾರ ತಂತ್ರಾಂಶದಲ್ಲೇ ಬಂದಿರುತ್ತದೆ. ನನ್ನ ಬಳಿ "ಡ್ರೈವರ್ ಹಾಕಿಕೊಡಿ" ಎಂದು ಬರುವ ಅನೇಕರಿಗೆ ಹಾಕಲು ಏನೂ ಇರುವುದಿಲ್ಲ. ಕಾಫಿ ಕುಡಿಸಿ ಕಳುಹಿಸುತ್ತೇನೆ. ಎನ್‌ವಿಡಿಯಾ ಇದ್ದವರೂ ಜಾಲತಾಣ ಹುಡುಕಬೇಕಿಲ್ಲ. ಮಿಂಟ್‌ನ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ಎಂದಿದೆ, ಅದು ಕಾರ್ಡು ನೋಡಿ ಯಾವುದು ಸೂಕ್ತ ಎಂದು ತಾನೇ ಗುರುತು ಹಾಕಿ ತೋರಿಸುತ್ತದೆ. ಅದಕ್ಕೂ ಮುಂಚೆ ಟೈಮ್‌ಶಿಫ್ಟ್ ತೆರೆದು ಆ ದಿನದ ವ್ಯವಸ್ಥೆಯ ಒಂದು ಪ್ರತಿ ತೆಗೆದಿಡಿ. ಹುಡುಗ ಇದೊಂದು ಮಾಡಿದ್ದರೆ ಸ್ಕೂಟರಿನ ಪೆಟ್ರೋಲ್ ಉಳಿಯುತ್ತಿತ್ತು.

ಈಗ ನೋಮೋಡ್‌ಸೆಟ್ ಎಂಬ ಮಂತ್ರದ ವಿಷಯ. ಪರದೆ ಕಪ್ಪು ಎಂದರೆ ಸಾಕು, ಸಲಹೆ ಕೊಡುವವರು ಮೊದಲು ಉಚ್ಚರಿಸುವುದು ಇದನ್ನೇ. ಯಂತ್ರ ಚಾಲೂ ಆಗುವಾಗ ಶಿಫ್ಟ್ ಒತ್ತಿ ಹಿಡಿದರೆ, ಹೊಸ ಯಂತ್ರವಾದರೆ ಎಸ್ಕೇಪ್ ಒತ್ತಿದರೆ, ಗ್ರಬ್ ಎಂಬ ಪಟ್ಟಿ ಬರುತ್ತದೆ. ಅಲ್ಲಿ ಇಂಗ್ಲಿಷಿನ ಇ ಅಕ್ಷರ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ತುದಿಗೆ ಈ ಪದ ಸೇರಿಸಿ, ಎಫ್10 ಒತ್ತಬೇಕು. ಗ್ರಾಫಿಕ್ಸ್ ಡ್ರೈವರಿನ ಗೊಡವೆಗೆ ಹೋಗದೆ, ಸಿಕ್ಕ ಸಾಧಾರಣ ಚಿತ್ರದಲ್ಲೇ ಮೇಲೇಳು ಎಂದು ಕರ್ನಲ್‌ಗೆ ಹೇಳಿದಂತೆ. ಸರಿಯಾದ ಉಪಾಯವೇ. ಆದರೆ ಅದು ಕಾಲು ಮುರಿದವನಿಗೆ ಕೊಡುವ ಊರುಗೋಲು. ಹೀಗೆ ಸೇರಿಸಿದ್ದು ಒಂದೇ ಸಲಕ್ಕೆ ಅನ್ವಯಿಸುತ್ತದೆ. ಅಷ್ಟರೊಳಗೆ ಡ್ರೈವರ್ ಸರಿಮಾಡಿ ಅದನ್ನು ಬಿಡಬೇಕು. ಹೇಳಿಕೊಟ್ಟವರು ಅದನ್ನು ಖಾಯಂ ಆಗಿ ಬರೆಸಿ ಹೊರಟುಹೋಗುತ್ತಾರೆ. ಅಡಿಕೆ ಮಂಡಿಯ ಲೆಕ್ಕ ಬರೆಯುವವರೊಬ್ಬರು ಒಂದು ವರ್ಷ ಹೀಗೆಯೇ ಕಳೆದಿದ್ದರು. ಚಿತ್ರ ಬಿಡಿಸುವ ಕೆಲಸವನ್ನೆಲ್ಲ ಪ್ರೊಸೆಸರೇ ಹೊತ್ತು, ಫ್ಯಾನು ಭತ್ತದ ಮಿಲ್ಲಿನಂತೆ ಕೂಗುತ್ತಿತ್ತು. "ಲಿನಕ್ಸ್ ಎಂದರೆ ಹೀಗೇ ಅಲ್ಲವೇ ಸರ್, ನಿಧಾನ" ಎಂದರು. ಐನಿಕ್ಸ್‌ಐ ಎಂಬ ಆಜ್ಞೆಗೆ ಒಂದು ಜಾಗ ಬಿಟ್ಟು ಅಡ್ಡಗೆರೆ ಮತ್ತು ದೊಡ್ಡ ಜಿ ಸೇರಿಸಿ ಕೊಟ್ಟು ನೋಡಿದರೆ ಕಾರ್ಡಿನ ಹೆಸರಿರಬೇಕಾದ ಕಡೆ ಎಲ್‌ಎಲ್‌ವಿಎಂಪೈಪ್ ಎಂದಿತ್ತು. ಆ ಹೆಸರು ಕಂಡರೆ ನಿಮ್ಮ ಕಾರ್ಡು ಸಂಬಳ ಎಣಿಸಿಕೊಂಡು ಕೆಲಸ ಮಾಡದೆ ಕುಳಿತಿದೆ ಎಂದೇ ಅರ್ಥ. ಒಂದು ಪದ ಅಳಿಸಿದೆವು, ಫ್ಯಾನು ಸುಮ್ಮನಾಯಿತು. ವರ್ಷವಿಡೀ ಲಿನಕ್ಸ್ ಪಾಲಿಗೆ ಬಂದ ಬೈಗುಳವನ್ನು ವಾಪಸು ಪಡೆಯುವವರು ಯಾರು?

ಇನ್ನೊಂದು ಪ್ರಕರಣ ನನ್ನನ್ನೇ ಎರಡು ದಿನ ಆಡಿಸಿತು. ಅಣ್ಣನ ಮೊಮ್ಮಗಳು ಅನಿಮೇಷನ್ ಕಲಿಯುತ್ತಿದ್ದಾಳೆ. ಅವಳ ಲ್ಯಾಪ್‌ಟಾಪಿನಲ್ಲಿ ಜಿಟಿಎಕ್ಸ್ 1650, ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ಕೆಲಸಕ್ಕೆ ಎನ್‌ವಿಡಿಯಾದ ಡ್ರೈವರೇ ಬೇಕು. ಡ್ರೈವರ್ ಮ್ಯಾನೇಜರಿನಲ್ಲಿ ಹಾಕಿದಳು, ನಡುವೆ ಒಂದು ಗುಪ್ತಪದ ಇಡು ಎಂದಿತು, ಇಟ್ಟಳು. ಯಂತ್ರ ಮತ್ತೆ ಚಾಲೂ ಆದಾಗ ಒಂದು ನೀಲಿ ಪರದೆ ಬಂತಂತೆ. ವೈರಸ್ ಎಂದು ಹೆದರಿ ಎಂಟರ್ ಒತ್ತಿದಳಂತೆ. ಡ್ರೈವರ್ ಏಳಲಿಲ್ಲ. ಎನ್‌ವಿಡಿಯಾ-ಎಸ್‌ಎಂಐ ಎಂಬ ಆಜ್ಞೆ ಕೊಟ್ಟರೆ, ಡ್ರೈವರಿನೊಡನೆ ಸಂಪರ್ಕವಾಗಲಿಲ್ಲ, ಇತ್ತೀಚಿನ ಡ್ರೈವರ್ ಇದೆಯೇ ನೋಡಿಕೊಳ್ಳಿ ಎಂಬರ್ಥದ ಉತ್ತರ. ಅದನ್ನು ನಂಬಿ ಮೂರು ಸಲ ತೆಗೆದು ಮೂರು ಸಲ ಹಾಕಿದಳು. ನಾನೂ ಒಮ್ಮೆ ಹಾಕಿದೆ, ಸುಳ್ಳು ಯಾಕೆ ಹೇಳಲಿ.

ತೊಂದರೆ ಇದ್ದದ್ದು ಡ್ರೈವರಿನಲ್ಲಲ್ಲ, ಆ ನೀಲಿ ಪರದೆಯಲ್ಲಿ. ಸೆಕ್ಯೂರ್ ಬೂಟ್ ಎಂಬ ಕಾವಲು ಚಾಲನೆಯಲ್ಲಿರುವ ಯಂತ್ರ, ಸಹಿ ಗುರುತಿಲ್ಲದ ಯಾವ ಡ್ರೈವರನ್ನೂ ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲೇ ತಯಾರಾದ ಡ್ರೈವರಿಗೆ ನಿಮ್ಮದೇ ಒಂದು ಕೀಲಿಯ ಸಹಿ ಬೀಳುತ್ತದೆ. ಆ ಕೀಲಿಗೆ ಮೋಕ್ ಎಂದು ಹೆಸರು, ಯಂತ್ರದ ಒಡೆಯನ ಕೀಲಿ ಎಂದರ್ಥ. ಇದು ನನ್ನದೇ ಕೀಲಿ ಎಂದು ಒಡೆಯ ಬಂದು ಸಾಕ್ಷಿ ಹೇಳುವ ಕಟಕಟೆಯೇ ಆ ನೀಲಿ ಪರದೆ. ಅದು ಕಾಯುವುದು ಹತ್ತೇ ಸೆಕೆಂಡು. ಏನೂ ಒತ್ತದಿದ್ದರೆ ಮುಂದಕ್ಕೆ ಹೋಗಿಬಿಡುತ್ತದೆ. ಒತ್ತಿದರೆ ಬರುವ ಪಟ್ಟಿಯಲ್ಲಿ ಮೊದಲ ಸಾಲೇ ಕಂಟಿನ್ಯೂ ಬೂಟ್, ಅದರ ಮೇಲೆ ಎಂಟರ್ ಒತ್ತಿದರೂ ಅಷ್ಟೇ, ಅರ್ಜಿ ವಜಾ. ಎರಡನೆಯ ಸಾಲಿನ ಎನ್‌ರೋಲ್ ಮೋಕ್ ಆರಿಸಿ, ಮೊದಲು ಇಟ್ಟ ಗುಪ್ತಪದ ಕೊಡಬೇಕು. ನಾವು ಕೀಲಿಯನ್ನು ಮತ್ತೆ ಅರ್ಜಿಗೆ ಹಾಕಿ, ಅಂಕಿಗಳದೇ ಒಂದು ಗುಪ್ತಪದ ಇಟ್ಟು, ಪರದೆಯ ಮುಂದೆ ಬಸ್ಸಿಗೆ ಕಾದವರಂತೆ ತುದಿಗಾಲಲ್ಲಿ ನಿಂತೆವು. ಸೆಕ್ಯೂರ್ ಬೂಟ್ ಬಂದ್ ಮಾಡಿದರೆ ಇದೆಲ್ಲ ಬೇಡ ಎಂದು ಅವಳ ಸಹಪಾಠಿ ಹೇಳಿದ್ದ. ಅದೂ ಒಂದು ದಾರಿ. ಆದರೆ ಅದೇ ಲ್ಯಾಪ್‌ಟಾಪಿನಲ್ಲಿ ಬಿಟ್‌ಲಾಕರ್ ಎಂಬ ಡಿಸ್ಕಿನ ಬೀಗ ಹಾಕಿದ ವಿಂಡೋಸ್ ಕೂಡ ಇದ್ದರೆ, ಮರುದಿನ ಅದು 48 ಅಂಕಿಯ ರಿಕವರಿ ಕೀ ಕೇಳಿ ಕೂರಬಹುದು. ಅದನ್ನು ಬರೆದಿಟ್ಟುಕೊಂಡವರನ್ನು ನಾನು ಇನ್ನೂ ನೋಡಿಲ್ಲ.

ಕರ್ನಲ್ ಅಪ್‌ಡೇಟ್ ಆದ ಮರುದಿನ ಪರದೆ ಕಪ್ಪಾದರೆ ಹೆದರಬೇಕಿಲ್ಲ. ಗ್ರಬ್ ಪಟ್ಟಿಯ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನಲ್ ಇರುತ್ತದೆ, ಅದನ್ನು ಆರಿಸಿ ಆ ದಿನದ ಕೆಲಸ ಮುಗಿಸಿಕೊಳ್ಳಿ.

ಇಷ್ಟು ವಿಷಯವನ್ನು ಫೋನಿನಲ್ಲಿ ಹೇಳಿಕೊಡುವುದಿದೆಯಲ್ಲ, ಅದು ಬೇರೆಯೇ ಪುರಾಣ. ಸಿದ್ದಾಪುರದ ಕಡೆಯ ತೋಟದ ಯಜಮಾನರೊಬ್ಬರಿಗೆ "ಮೊದಲು ಸುಡೋ ಎಂದು ಹಾಕಿ" ಎಂದೆ. ಯಂತ್ರದ ಒಡೆಯನ ಅಧಿಕಾರದಿಂದ ಆಜ್ಞೆ ಕೊಡಲು ಮೊದಲಿಗೆ ಸೇರಿಸುವ ಪದ ಅದು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಏನನ್ನು ಸುಡಬೇಕು ಮಾರಾಯರೇ?" ಎಂದು ಕೇಳಿದರು. ಅಡ್ಡಗೆರೆ ಯಾವುದು, ಜಾಗ ಬಿಡುವುದು ಎಲ್ಲಿ, ದೊಡ್ಡ ಅಕ್ಷರ ಎಂದರೆ ಗಾತ್ರದಲ್ಲಿ ದೊಡ್ಡದೇ, ಈ ಪ್ರಶ್ನೆಗಳಿಗೆ ನಗುವವರು ತಾವು ಮೊದಲ ದಿನ ಏನು ಕೇಳಿದ್ದೆವು ಎಂದು ನೆನಪಿಸಿಕೊಳ್ಳಲಿ. ಲಿನಕ್ಸ್ ಬಲ್ಲ ನಮ್ಮ ತರುಣರ ಮೇಲೆ ನನಗಿರುವ ದೂರು ಇದೇ. ಕೇಳಿದವನಿಗೆ ಒಂದು ಸಾಲು ಆಜ್ಞೆ ಎಸೆಯುತ್ತಾರೆ. ಅದು ಏನು ಮಾಡುತ್ತದೆ ಎಂದು ಹೇಳುವುದಿಲ್ಲ, ಮಾಡಿದ್ದನ್ನು ಹಿಂದೆಗೆಯುವುದು ಹೇಗೆ ಎಂದಂತೂ ಹೇಳುವುದೇ ಇಲ್ಲ. ಯಾವ ಕಾರ್ಡು ಎಂದು ಕೇಳದೆ ಡ್ರೈವರ್ ಹೇಳುವವನು, ನಾಡಿ ಹಿಡಿಯದೆ ಮದ್ದು ಕೊಡುವ ವೈದ್ಯ. ಹಾಗೆಂದು ಕೇಳುವವರೂ ಸಾಚಾಗಳಲ್ಲ. "ಏನೋ ಇಂಗ್ಲಿಷಿನಲ್ಲಿ ಬಂತು, ಹೋಯಿತು" ಎಂದರೆ ನಾನೇನು ಮಾಡಲಿ? ಕೈಯಲ್ಲಿ ಮೊಬೈಲ್ ಇದೆ, ಮದುವೆ ಮನೆಯ ಹೋಳಿಗೆಯ ಫೋಟೊ ತೆಗೆಯುತ್ತೀರಿ, ಆ ಸಂದೇಶದ ಒಂದು ಫೋಟೊ ತೆಗೆಯಬಾರದೇ?

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹೊಸ ಮೊಬೈಲುಗಳ ಬಣ್ಣ, ಬೆಲೆಗಳಿಗೆ ವಾರಕ್ಕೊಮ್ಮೆ ಕೊಡುವ ಪುಟದಲ್ಲಿ ಕಾಲು ಕಾಲಂ ಜಾಗವನ್ನು ಇಂಥ ವಿಷಯಕ್ಕೆ ಬಿಡಿ. ಜಾಲದಲ್ಲಿ ಎಲ್ಲವೂ ಸಿಗುತ್ತದೆ ಎನ್ನಬೇಡಿ. ಪರದೆಯೇ ಕಪ್ಪಾಗಿರುವಾಗ ಜಾಲವನ್ನು ಎಲ್ಲಿ ನೋಡುವುದು? ಮನೆಯಲ್ಲಿರುವ ಒಂದೇ ಮೊಬೈಲು ಅಪ್ಪನ ಜೊತೆ ತೋಟಕ್ಕೆ ಹೋಗಿರುತ್ತದೆ. ಅಲ್ಲಿ ಕಾಗದವೇ ಬೇಕು. ಆಜ್ಞೆಗಳನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ದಪ್ಪಗೆ ಅಚ್ಚು ಹಾಕಿ. ನನ್ನ ಹಳೆಯ ಟೈಪಿಂಗ್ ತಂತ್ರಾಂಶ ಇಂಗ್ಲಿಷಿಗೆ ಹೊರಳಿದರೆ ಅಕ್ಷರಗಳೆಲ್ಲ ಕಲಸುಮೇಲೋಗರವಾಗುತ್ತವೆ ಎಂದು ನಾನು ಎಲ್ಲವನ್ನೂ ಕನ್ನಡದಲ್ಲೇ ಬರೆದಿದ್ದೇನೆ, ಯಾರೂ ಇದನ್ನು ನೋಡಿ ಕನ್ನಡದಲ್ಲಿ ಟೈಪು ಮಾಡುವುದು ಬೇಡ.

ನಾನು ಸರಿಮಾಡಿದ ಪ್ರತಿ ಸಿಪಿಯು ಡಬ್ಬದ ಪಕ್ಕಕ್ಕೂ ಕೈಬರಹದ ಒಂದು ಚೀಟಿ ಅಂಟಿಸುತ್ತೇನೆ: ಯಾವ ಕಾರ್ಡು, ಯಾವ ಚಿಪ್, ಯಾವ ಡ್ರೈವರ್, ಯಾವ ದಿನ ಹಾಕಿದ್ದು. ಡಿಪಿ ಡಬ್ಬದ ಮುಚ್ಚಳದ ಒಳಗೆ ಜೋಡಿ ನಂಬರು ಬರೆದಿಡುತ್ತಿದ್ದ ಅಭ್ಯಾಸ, ಬಿಟ್ಟಿಲ್ಲ. ಪಿಯುಸಿ ಹುಡುಗ ತನ್ನ ಚೀಟಿಯ ಕೆಳಗೆ ತಾನೇ ಒಂದು ಸಾಲು ಸೇರಿಸಿಕೊಂಡಿದ್ದಾನೆ, "ಮುಂದುವರಿಸು ಎಂದು ಒತ್ತುವ ಮೊದಲು ಓದು" ಎಂದು. ಈ ಪತ್ರವೂ ಅಚ್ಚಾದರೆ ಕತ್ತರಿಸಿ ಅಂಟಿಸಿಕೊಳ್ಳುವವರು ನಮ್ಮ ಊರಿನಲ್ಲೇ ನಾಲ್ಕೈದು ಮಂದಿ ಇದ್ದಾರೆ. ಆದ್ದರಿಂದ ದಯವಿಟ್ಟು ಪುಟದ ಹಿಂಬದಿಯಲ್ಲಿ ಪದಬಂಧ ಬಾರದಂತೆ ನೋಡಿಕೊಳ್ಳಿ. ನಮ್ಮ ಮನೆಯಲ್ಲಿ ಕತ್ತರಿ ನನ್ನ ಕೈಗೆ ಸಿಗುವ ಮೊದಲು ಪೆನ್ನು ನನ್ನ ಹೆಂಡತಿಯ ಕೈಯಲ್ಲಿರುತ್ತದೆ.

ತಮ್ಮ ವಿಶ್ವಾಸಿ,
ನಿವೃತ್ತ ದೂರವಾಣಿ ನೌಕರ, ಸಾಗರ